ಮೈಕ್ ಸೆಟ್ಟಿನವನ ಕಿವಿಗೆ ಬಿದ್ದ ನಾಲ್ಕು ಆಲ್ಬಂಗಳು

ಬೆಟಗೇರಿಯಲ್ಲಿ ನಮ್ಮದು ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಅಪ್ಪ ಎರಡು ಹಾರ್ನ್, ಒಂದು ಅಹುಜಾ ಆಂಪ್ಲಿಫೈಯರ್, ಒಂದೇ ಒಂದು ಮೈಕ್ ಇಟ್ಟುಕೊಂಡು ಶುರು ಮಾಡಿದ್ದರು. ಈಗ ನನ್ನ ಹತ್ತಿರ ಹದಿನಾರು ಚಾನೆಲ್ಲಿನ ಮಿಕ್ಸರ್, ಇಪ್ಪತ್ತೆರಡು ಮೈಕು, ಅವನ್ನೆಲ್ಲ ಹೇರಿಕೊಂಡು ಹೋಗಲು ಒಂದು ಟಂಟಂ ಇವೆ. ಜಾತ್ರೆ, ಮದುವೆ, ನಾಟಕ, ಶ್ರಾವಣದ ಭಜನೆ, ತೀರಿಹೋದವರ ಮನೆಯಲ್ಲಿ ಬೆಳಗಿನವರೆಗೆ ನಡೆಯುವ ಭಜನೆ, ಯಾವುದಕ್ಕೂ ಇಲ್ಲ ಎನ್ನುವುದಿಲ್ಲ. ಸಂಗೀತ ನನಗೆ ಬರುವುದಿಲ್ಲ. ಹಾಡುವವರ ಬಾಯಿಂದ ಮೈಕ್ ಎಷ್ಟು ದೂರ ಇರಬೇಕು ಎಂಬುದು ಮಾತ್ರ ಮೂವತ್ತು ವರ್ಷದಿಂದ ನನಗೆ ಅನ್ನ ಹಾಕಿದೆ.

ಬೆಂಗಳೂರಿನಲ್ಲಿ ಕೆಲಸ ಮಾಡುವ ತಂಗಿಯ ಮಗ ಗಿಟಾರ್ ಬಾರಿಸುತ್ತಾನೆ. ಯುಗಾದಿಗೆ ಬಂದವನು ತನ್ನ ಹಳೆಯ ಹೆಡ್‌ಫೋನನ್ನು ನನ್ನ ಕೊರಳಿಗೆ ಹಾಕಿ, ಫೋನಿನಲ್ಲಿ ನಾಲ್ಕು ಆಲ್ಬಂ ತುಂಬಿಕೊಟ್ಟ. ನಾನು ಮುಖ ಸಿಂಡರಿಸಿದೆ. "ಮಾವ, ಹಾಡು ಎಂದುಕೊಂಡು ಕೇಳಬೇಡಿ. ಮೈಕ್ ಎಲ್ಲಿ ಇಟ್ಟಿದ್ದಾರೆ ಎಂದು ಕಂಡುಹಿಡಿಯಿರಿ, ಸಾಕು" ಎಂದ. ನನ್ನನ್ನು ಹೇಗೆ ಹಿಡಿಯಬೇಕೆಂದು ಅವನಿಗೆ ಗೊತ್ತು.

ಅಮೆರಿಕಾನಾ, ರೂಟ್ಸ್ ಎಂದೆಲ್ಲ ಈ ಬಗೆಯ ಸಂಗೀತಕ್ಕೆ ಹೆಸರಂತೆ. ಅಮೆರಿಕದವರ ಹಳ್ಳಿಗಾಡಿನ ಕಂಟ್ರಿ ಹಾಡು, ಕಪ್ಪು ಜನರ ಬ್ಲೂಸ್, ಚರ್ಚಿನ ಪದ, ಜನಪದ, ಇಷ್ಟನ್ನೂ ಒಂದೇ ಒರಳಿಗೆ ಹಾಕಿ ಅರೆದದ್ದು. ನನ್ನ ಇಂಗ್ಲಿಷ್ ಐಟಿಐವರೆಗಿನದು. ಮಗಳು ಸಾಹಿತ್ಯವನ್ನು ಪ್ರಿಂಟ್ ಹಾಕಿಸಿಕೊಟ್ಟು ಅರ್ಥ ಹೇಳಿದಳು. ಹೀಗೆ ನಾಲ್ಕು ತಿಂಗಳು ಕೇಳಿ ಬರೆಯುತ್ತಿದ್ದೇನೆ.

ಮೊದಲನೆಯದು ಕೆನಡಾದ ಕೌಬಾಯ್ ಜಂಕೀಸ್ ತಂಡದ 'ದಿ ಟ್ರಿನಿಟಿ ಸೆಷನ್'. ಟೊರಾಂಟೊದ ಹೋಲಿ ಟ್ರಿನಿಟಿ ಚರ್ಚಿನಲ್ಲಿ 1987ರ ನವೆಂಬರ್ 27ರಂದು, ಬಹುಪಾಲು ಆ ಒಂದೇ ದಿನದಲ್ಲಿ ಮುದ್ರಿಸಿದ್ದು. ಚರ್ಚಿನವರು ಜಾಗ ಕೊಡಲಿ ಎಂದು ಇವರು ತಮ್ಮನ್ನು 'ಟಿಮಿನ್ಸ್ ಫ್ಯಾಮಿಲಿ ಸಿಂಗರ್ಸ್' ಎಂದು ಕರೆದುಕೊಂಡು, ರೇಡಿಯೊಗಾಗಿ ಕ್ರಿಸ್‌ಮಸ್ ಕಾರ್ಯಕ್ರಮ ಮಾಡುತ್ತಿದ್ದೇವೆ ಎಂದು ಹೇಳಿದ್ದರಂತೆ. ಪೂರ್ತಿ ಸುಳ್ಳೂ ಅಲ್ಲ. ಹಾಡುವ ಮಾರ್ಗೊ, ಗಿಟಾರಿನ ಮೈಕೆಲ್, ಡ್ರಮ್ಮಿನ ಪೀಟರ್ ಒಂದೇ ಮನೆಯ ಮಕ್ಕಳು. ಸಮುದಾಯ ಭವನ ಸಿಗಬೇಕಾದರೆ ನಾವೂ ಅರ್ಜಿಯಲ್ಲಿ ಇಂಥದ್ದೇ ಏನಾದರೂ ಬರೆಯುತ್ತೇವೆ.

ಇಡೀ ತಂಡಕ್ಕೆ ಒಂದೇ ಮೈಕ್. ಕ್ಯಾಲ್‌ರೆಕ್ ಕಂಪನಿಯ ಆಂಬಿಸಾನಿಕ್ ಮೈಕ್ ಎಂದು ಅದರ ಹೆಸರು. ಒಂದೇ ಎಂದರೂ ಆ ಗುಂಡಿನೊಳಗೆ ನಾಲ್ಕು ದಿಕ್ಕಿಗೆ ಮುಖ ಮಾಡಿದ ನಾಲ್ಕು ಕಿವಿಗಳಿರುತ್ತವೆ, ಅದನ್ನೂ ಹೇಳಿಬಿಡಬೇಕು. ಆದರೆ ನಿಲ್ಲಿಸಿದ ಜಾಗ ಒಂದು. ಸುತ್ತ ಗಿಟಾರು, ಬೇಸ್, ಡ್ರಮ್ಮು, ಪಿಟೀಲು, ಮೌತ್ ಆರ್ಗನ್, ಅಕಾರ್ಡಿಯನ್, ಮಲಗಿಸಿಟ್ಟು ಲೋಹದ ಕಡ್ಡಿ ಜಾರಿಸಿ ಬಾರಿಸುವ ಪೆಡಲ್ ಸ್ಟೀಲ್ ಗಿಟಾರು. ಪೀಟರ್ ಮೂರ್ ಎಂಬ ರೆಕಾರ್ಡಿಂಗ್ ಮಾಡುವವನು ಸುಮಾರು ಆರು ಗಂಟೆ ಕಾಲ ಇವರನ್ನು ಅತ್ತ ಸರಿಸಿ ಇತ್ತ ಕೂರಿಸಿದ. ಆಮೇಲೆ ಮಿಕ್ಸಿಂಗ್ ಇಲ್ಲ, ತೇಪೆ ಇಲ್ಲ.

ಈ ಆರು ಗಂಟೆಯ ಬೆಲೆ ನಮ್ಮ ಕಸುಬಿನವರಿಗೆ ಮಾತ್ರ ತಿಳಿಯುತ್ತದೆ. ಹದಿನಾರು ಮೈಕ್ ಇದ್ದರೆ ತಬಲಾ ಹೆಚ್ಚಾಯಿತೆಂದು ಗುಂಡಿ ಇಳಿಸುತ್ತೇವೆ. ಮೈಕ್ ಒಂದೇ ಆದರೆ ತಬಲಾದವನನ್ನೇ ಎಬ್ಬಿಸಿ ಎರಡು ಹೆಜ್ಜೆ ಹಿಂದೆ ಕೂರಿಸಬೇಕು. ಆಗ ನೆಲವೇ ಮಿಕ್ಸರ್. ಅಪ್ಪ ಮಾಡುತ್ತಿದ್ದದ್ದು ಇದನ್ನೇ. ದೊಡ್ಡಾಟ, ಸಣ್ಣಾಟಗಳಿಗೆ ರಂಗದ ಮೇಲಿನ ತೊಲೆಗೆ ಹಗ್ಗ ಕಟ್ಟಿ ಒಂದು ಮೈಕನ್ನು ಜೋತುಬಿಡುತ್ತಿದ್ದರು. ಪಾತ್ರಧಾರಿ ಕುಣಿಯುತ್ತ ಅದರ ಕೆಳಗೆ ಬಂದು ಮಾತು ಹೇಳಿ, ಮುಂದಿನವನಿಗೆ ಜಾಗ ಬಿಟ್ಟು ಹಿಂದೆ ಸರಿಯುತ್ತಿದ್ದ. ಮೈಕಿನ ಕೆಳಗೆ ಬರುವುದೂ ಕುಣಿತದ ಒಂದು ಹೆಜ್ಜೆಯೇ ಆಗಿತ್ತು.

ಚರ್ಚಿನಲ್ಲಿ ಒಂದು ತೊಡಕು ಬಂತು. ಮಾರ್ಗೊಳದು ಮೆಲುದನಿ, ಕಿವಿಯಲ್ಲಿ ಹೇಳಿದ ಹಾಗೆ. ಕರೆಂಟಿನ ಗಿಟಾರು, ಡ್ರಮ್ಮುಗಳ ಎದುರು ಅದು ಮೈಕಿಗೆ ಮುಟ್ಟುತ್ತಿರಲಿಲ್ಲ. ಇವರಿಗಿಂತ ಮೊದಲು ಚರ್ಚಿನಲ್ಲಿ ಕಾರ್ಯಕ್ರಮ ಮಾಡಿದ ಯಾರೋ ಧ್ವನಿವರ್ಧಕದ ಸೆಟ್ಟನ್ನು ಅಲ್ಲೇ ಬಿಟ್ಟುಹೋಗಿದ್ದರು. ಅವಳ ದನಿಯನ್ನು ಅದರ ಮೂಲಕ ಹಾಯಿಸಿದರು. ಅಂದರೆ ಜಗತ್ತೆಲ್ಲ ಹೊಗಳುವ ಆ ದನಿ ಮೈಕಿಗೆ ಬಂದದ್ದು ನಮ್ಮಂಥ ಯಾರೋ ಮೈಕ್ ಸೆಟ್ಟಿನವನು ಬಿಟ್ಟುಹೋದ ಸ್ಪೀಕರಿನಿಂದ. ಇದು ಗೊತ್ತಾದ ದಿನ ಅಂಗಡಿಯಲ್ಲಿ ಒಬ್ಬನೇ ನಕ್ಕೆ. ಬಾಡಿಗೆ ಬಂತೋ ಇಲ್ಲವೋ ಪಾಪ.

ಆಲ್ಬಂ ತೆರೆಯುವುದು ವಾದ್ಯವಿಲ್ಲದ ಒಂದೂವರೆ ನಿಮಿಷದ ಹಾಡಿನಿಂದ. ಚಿನ್ನದ ಗಣಿಯಲ್ಲಿ ಕಲ್ಲಿನ ದೂಳು ಎದೆಗೆ ಇಳಿದವನ ಪಾಡು. ಕಪ್ಪತಗುಡ್ಡದ ಚಿನ್ನದ ಗಣಿಯ ಮಾತು ಕೇಳುತ್ತಲೇ ಬೆಳೆದ ನಮಗೆ ಮಗಳು ಅರ್ಥ ಹೇಳುವುದೇ ಬೇಕಾಗಲಿಲ್ಲ. ದನಿ ನಿಂತ ಮೇಲೆ ಕಟ್ಟಡ ಅದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಆ ಹಿಡಿದಿಟ್ಟ ಹೊತ್ತಿನಲ್ಲಿಯೇ ಚರ್ಚಿನ ಎತ್ತರ ನನಗೆ ಅಂದಾಜಾಯಿತು. ಹ್ಯಾಂಕ್ ವಿಲಿಯಮ್ಸ್ ಎಂಬ ಕಂಟ್ರಿ ಗಾಯಕನ ಹಳೆಯ ಒಂಟಿತನದ ಹಾಡನ್ನು ಇವರು ಎಷ್ಟು ನಿಧಾನಿಸಿದ್ದಾರೆಂದರೆ, ಪೆಡಲ್ ಸ್ಟೀಲಿನ ಎಳೆತ ಪಕ್ಕದ ಓಣಿಯಿಂದ ಗಾಳಿಗೆ ಬಂದಂತೆ ಬರುತ್ತದೆ. ಅಕಾರ್ಡಿಯನ್ ನಮ್ಮ ಹಾರ್ಮೋನಿಯಂನ ಸೋದರಸಂಬಂಧಿ, ಗಾಳಿ ತಿಂದು ಉಸಿರಾಡುವ ಅಂಥದ್ದೇ ಲೋಹದ ಪಟ್ಟಿ. ಅದು ಬಂದಾಗಲೆಲ್ಲ ನನಗೆ ನೆಂಟರು ಬಂದಂತಾಯಿತು.

ದೂರು ಇಲ್ಲದಿಲ್ಲ. ಅರ್ಧ ದಾಟಿದ ಮೇಲೆ ಎಲ್ಲ ಹಾಡುಗಳೂ ಒಂದೇ ಎತ್ತಿನ ಗಾಡಿಯಲ್ಲಿ ಕೂತಂತೆ ಸಾಗುತ್ತವೆ. ಮಧ್ಯಾಹ್ನ ರೊಟ್ಟಿ ಉಂಡ ಮೇಲೆ ಹಾಕಿದರೆ ಐದನೆಯ ಹಾಡಿಗೆ ನಿದ್ದೆ ಖಚಿತ. ಇಪ್ಪತ್ತು ವರ್ಷದ ನೆನಪಿಗೆಂದು ಅದೇ ಚರ್ಚಿಗೆ ಅತಿಥಿ ಗಾಯಕರನ್ನು ಕರೆದುಕೊಂಡು ಹೋಗಿ ಅವೇ ಹಾಡುಗಳನ್ನು ಮತ್ತೆ ಹಾಡಿದ್ದಾರೆ. ಕೇಳಿದೆ. ಮದುವೆಯ ಇಪ್ಪತ್ತನೆಯ ವರ್ಷಕ್ಕೆ ಮತ್ತೆ ಬಾಸಿಂಗ ಕಟ್ಟಿಕೊಂಡ ಹಾಗಿದೆ.

ಎರಡನೆಯದು ಬ್ರೂಸ್ ಸ್ಪ್ರಿಂಗ್‌ಸ್ಟೀನನ 'ನೆಬ್ರಾಸ್ಕಾ'. ಇವನು ದೊಡ್ಡ ಕಂಪನಿಯ ದೊಡ್ಡ ಗಾಯಕ, ಆದರೆ ಈ ಆಲ್ಬಂ ಅಂಗಡಿಯ ಹಿಂದಿನ ಕೋಣೆಯಲ್ಲಿ ಮಾಡಿದಂತಿದೆ. 1982ರ ಜನವರಿಯಲ್ಲಿ ನ್ಯೂಜೆರ್ಸಿಯ ಬಾಡಿಗೆ ಮನೆಯ ಮಲಗುವ ಕೋಣೆಯಲ್ಲಿ ತಾನೊಬ್ಬನೇ ಹಾಡಿ, ಬಾರಿಸಿ, ಟಿಯಾಕ್ ಪೋರ್ಟಾಸ್ಟುಡಿಯೊ ಎಂಬ ನಾಲ್ಕು ಟ್ರ್ಯಾಕಿನ ಕ್ಯಾಸೆಟ್ ಯಂತ್ರದಲ್ಲಿ ಹಿಡಿದದ್ದು. ಮೈಕುಗಳು ಎರಡು, ಎರಡೂ ಶೂರ್ ಎಸ್‌ಎಂ 57. ಆ ಮಾದರಿಯವು ನನ್ನ ಅಂಗಡಿಯಲ್ಲೂ ಎರಡಿವೆ. ಒಂದು ಅಸಲಿ, ಇನ್ನೊಂದರ ಬಗ್ಗೆ ನನಗೇ ಅನುಮಾನ.

ತಂಡಕ್ಕೆ ಕಲಿಸಲು ಮಾಡಿದ ಕಚ್ಚಾ ಪ್ರತಿ ಇದು. ಡಬ್ಬಿಯೂ ಇಲ್ಲದ ಆ ಕ್ಯಾಸೆಟ್ಟನ್ನು ವಾರಗಟ್ಟಲೆ ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡು ತಿರುಗಿದ. ಸ್ಟುಡಿಯೊದಲ್ಲಿ ಇಡೀ ತಂಡ ಕೂತು ಅವೇ ಹಾಡುಗಳನ್ನು ಬಾರಿಸಿ ನೋಡಿದರೂ ಜೇಬಿನಲ್ಲಿದ್ದದ್ದು ಬರಲಿಲ್ಲ. ಕೊನೆಗೆ ಕ್ಯಾಸೆಟ್ಟೇ ರೆಕಾರ್ಡಾಗಿ 1982ರ ಸೆಪ್ಟೆಂಬರಿನಲ್ಲಿ ಹೊರಬಂತು. ಕ್ಯಾಸೆಟ್ಟಿನ ಸರ್ರೆನ್ನುವ ಸದ್ದು ಹೆಡ್‌ಫೋನಿನಲ್ಲಿ ಚೆನ್ನಾಗಿ ಕೇಳುತ್ತದೆ. ಭಜನಾ ತಂಡಗಳಿಗೆ ಕ್ಯಾಸೆಟ್ ಮಾಡಿಕೊಡುತ್ತಿದ್ದ ದಿನಗಳಲ್ಲಿ ಆ ಸದ್ದನ್ನು ಕೊಲ್ಲಲು ನಾನು ಪಡದ ಪಾಡಿಲ್ಲ. ಇಲ್ಲಿ ಅದು ರಾತ್ರಿಯ ಜೀರುಂಡೆಯಂತೆ ಹಾಡಿನ ಹಿಂದೆ ಇರುತ್ತದೆ, ತೆಗೆದರೆ ಮನೆ ಖಾಲಿಯಾದೀತು.

ಇದರಲ್ಲಿ ಹೆದ್ದಾರಿ ಪೊಲೀಸನ ಹಾಡು ಒಂದಿದೆ. ಜೋ ಎಂಬುವನು ಹವಾಲ್ದಾರ, ತಮ್ಮ ಫ್ರ್ಯಾಂಕಿ ದಾರಿ ತಪ್ಪಿದವನು. ಗೋಧಿಯ ದರ ಬಿದ್ದು ಒಕ್ಕಲುತನ ಕೈಕೊಟ್ಟಿದ್ದಕ್ಕೆ ಅಣ್ಣ ಪೊಲೀಸ್ ಆದದ್ದು. ಉಳ್ಳಾಗಡ್ಡಿಯ ದರ ಬಿದ್ದ ವರ್ಷ ನಮ್ಮ ಕಡೆ ಎಷ್ಟು ಹುಡುಗರು ಪೊಲೀಸ್ ಭರ್ತಿಗೆ ಓಡುತ್ತಾರೆಂದು ಗೊತ್ತಿದ್ದವರಿಗೆ ಈ ಸಾಲು ಹೊಸದಲ್ಲ. ಒಂದು ರಾತ್ರಿ ತಮ್ಮ ಯಾರನ್ನೋ ಹೊಡೆದು ಕಾರಿನಲ್ಲಿ ಪರಾರಿಯಾಗುತ್ತಾನೆ. ಅಣ್ಣ ಬೆನ್ನು ಹತ್ತುತ್ತಾನೆ. ಕೆನಡಾದ ಗಡಿ ಇನ್ನು ಐದು ಮೈಲಿ ಎಂದಾಗ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ತಮ್ಮನ ಕಾರಿನ ಹಿಂದಿನ ದೀಪಗಳು ಮರೆಯಾಗುವುದನ್ನು ನೋಡುತ್ತ ಕೂರುತ್ತಾನೆ.

ರಾತ್ರಿ 10 ಗಂಟೆಯ ನಂತರ ಧ್ವನಿವರ್ಧಕ ಹಚ್ಚಬಾರದೆಂಬ ನಿಯಮ ಇರುವುದರಿಂದ ಪ್ರತಿ ಜಾತ್ರೆಯಲ್ಲೂ ಒಬ್ಬ ಪೊಲೀಸರು ನನ್ನ ಪಕ್ಕದ ಕುರ್ಚಿಯಲ್ಲಿ ಗಡಿಯಾರ ನೋಡುತ್ತ ಕೂತಿರುತ್ತಾರೆ. ಅಂಥ ಒಂದು ರಾತ್ರಿ ವೈರ್ ಸುತ್ತುತ್ತ ಅವರಿಗೆ ಈ ಕಥೆ ಹೇಳಿದೆ. "ಗಾಡಿ ನಿಲ್ಲಿಸಿಯೇ ಬಿಟ್ಟನೇನು?" ಎಂದು ಕೇಳಿದರು. ಹೌದು ಎಂದೆ. ಚಹಾ ಕುಡಿದು ಲೋಟ ಕೆಳಗಿಟ್ಟು ಮತ್ತೆ, "ನಿಲ್ಲಿಸಿಯೇ ಬಿಟ್ಟ?" ಎಂದರು. ಆಮೇಲೆ ಬೈಕ್ ಹತ್ತಿ ಹೋದರು. ಅವರಿಗೂ ತಮ್ಮನೊಬ್ಬ ಇರಬಹುದು. ನಾನು ಕೇಳಲಿಲ್ಲ.

ಈ ಆಲ್ಬಮ್ಮಿಗೆ ಹಾಕಿದ ಎಕೋ ನನಗೆ ಹೆಚ್ಚೆನಿಸಿತು. ಮೌತ್ ಆರ್ಗನ್ ಕಿವಿಗೆ ಸೂಜಿಯಂತೆ ಚುಚ್ಚುವ ಕಡೆಗಳೂ ಇವೆ. ಒಂದು ಮಧ್ಯಾಹ್ನ ನೋಡೋಣವೆಂದು ಅಂಗಳದಲ್ಲಿ ಅಹುಜಾ ಹಾರ್ನಿಗೆ ಜೋಡಿಸಿ ಹಾಕಿದೆ. ಹಾರ್ನಿಗೆ ಬೇಸ್ ಬರುವುದಿಲ್ಲ, ಬರೀ ಗಂಟಲು, ಮೌತ್ ಆರ್ಗನ್ ಉಳಿದವು. ಎದುರು ಮನೆಯಲ್ಲಿ ಮಗ್ಗ ನಿಂತಿತು. ನೇಕಾರರ ಮನೆಯಾಕೆ ಬಾಗಿಲಿಗೆ ಬಂದು, "ಅಣ್ಣಾ, ಯಾರು ಹೋದರು?" ಎಂದು ಕೇಳಿದರು. ಅವರ ವಿಮರ್ಶೆಯ ಮುಂದೆ ನನ್ನದು ಉದ್ದವಾಯಿತು.

ಮೂರನೆಯದರ ಮೇಲೆ ನನಗೆ ಎಲ್ಲಕ್ಕಿಂತ ಹೆಚ್ಚು ಆಸೆ ಇತ್ತು. ಅಮೆರಿಕದ ಗಿಟಾರಿನ ರೈ ಕೂಡರ್ ಮತ್ತು ನಮ್ಮ ವಿಶ್ವಮೋಹನ ಭಟ್ಟರ 'ಎ ಮೀಟಿಂಗ್ ಬೈ ದಿ ರಿವರ್'. 1992ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಒಂದು ಪ್ರಾರ್ಥನಾ ಮಂದಿರದಲ್ಲಿ ಹಿಡಿದದ್ದು, 1993ರಲ್ಲಿ ಬಂತು, ಮರುವರ್ಷ ಗ್ರ್ಯಾಮಿ ಗೆದ್ದಿತು. ಇಬ್ಬರೂ ಮೊದಲ ಬಾರಿ ಭೇಟಿಯಾಗಿ ಒಂದು ಗಂಟೆಯೂ ಆಗಿರಲಿಲ್ಲವಂತೆ, ಬಾರಿಸಲು ಕೂತರು. ಅವನದು ಗಾಜಿನ ಕೊಳವೆ ಜಾರಿಸುವ ಗಿಟಾರು, ಇವರದು ಗಿಟಾರಿಗೆ ಸಿತಾರಿನಲ್ಲಿರುವಂಥ ಚಿಕಾರಿ, ತರಬ್ ತಂತಿಗಳನ್ನೆಲ್ಲ ಕಟ್ಟಿ ಮಾಡಿಕೊಂಡ ಮೋಹನ ವೀಣೆ. ಎರಡಕ್ಕೂ ಜಾರುವುದೇ ಜೀವ.

ಧ್ವನಿಗೆ ನೂರಕ್ಕೆ ನೂರು. ತಬಲಾದ ಡಗ್ಗಾ ನನ್ನ ಎಡಗಡೆ ಒಂದು ಮಾರು ದೂರದಲ್ಲಿ ಇದೆ ಎಂದು ಕಣ್ಣು ಮುಚ್ಚಿ ಹೇಳುತ್ತೇನೆ. ಸಂಗೀತಕ್ಕೆ ಮಾತ್ರ ಅಷ್ಟು ಕೊಡಲಾರೆ. ಪುಣ್ಯಾಶ್ರಮದ ಅಹೋರಾತ್ರಿ ಸಂಗೀತಕ್ಕೆ ಮೂಲೆಯಲ್ಲಿ ಕೂತು ಕೇಳಿದ ಊರಿನವರು ನಾವು. ರಾಗ ಬಾಗಿಲು ತೆರೆಯುವ ಮೊದಲೇ ತಾಳ ಬಂದು ಕದ ತಟ್ಟಿದರೆ ಚಡಪಡಿಸುತ್ತೇವೆ. ಭಟ್ಟರು ಒಂದು ಮಾತು ಕೇಳುತ್ತಾರೆ, ಕೂಡರ್ ತನ್ನ ಬ್ಲೂಸಿನ ಅದೇ ಮಾತನ್ನು ಸೊಗಸಾಗಿ ಹೇಳುತ್ತಾನೆ, ಮತ್ತೆ ಕೇಳುತ್ತಾರೆ, ಮತ್ತೆ ಅದನ್ನೇ ಹೇಳುತ್ತಾನೆ. ಜತೆಗೆ ಅವನ ಹದಿನಾಲ್ಕು ವರ್ಷದ ಮಗ ಅರಬ್ಬರ ದುಂಬೆಕ್ ಎಂಬ ಚರ್ಮವಾದ್ಯ ಬಾರಿಸಿದ್ದಾನೆ. ಅದರ ಒಣ ಟಕ್ ಸದ್ದು ಸುಖವಿಂದರ್ ಸಿಂಗರ ತಬಲಾದ ದಾರಿಗೆ ಅಡ್ಡ ಬರುತ್ತದೆ. ನನ್ನ ಕೈಯಲ್ಲಿ ಬಿಟ್ಟಿದ್ದರೆ ಹುಡುಗನನ್ನು ಆರು ಹೆಜ್ಜೆ ಹಿಂದೆ ಕೂರಿಸುತ್ತಿದ್ದೆ. ಆದರೂ ಫಿಜಿ ದ್ವೀಪದ ಬೀಳ್ಕೊಡುಗೆಯ ಹಾಡನ್ನು ಎತ್ತಿಕೊಂಡ ನಾಲ್ಕನೆಯ ಭಾಗದಲ್ಲಿ ಇಬ್ಬರಿಗೂ ತವರು ನೆನಪಾಗಿ ಒಟ್ಟಿಗೆ ಜಾರಿದಂತಿದೆ. ಅದೊಂದನ್ನು ದಿನಾ ಕೇಳುತ್ತೇನೆ.

ನಾಲ್ಕನೆಯದು ಗಿಲಿಯನ್ ವೆಲ್ಚ್ ಎಂಬಾಕೆಯ 'ಟೈಮ್ (ದಿ ರೆವೆಲೇಟರ್)', 2001ರದು. ಬಹುಪಾಲು ನ್ಯಾಶ್‌ವಿಲ್ಲಿನ ಆರ್‌ಸಿಎ ಸ್ಟುಡಿಯೊ ಬಿಯಲ್ಲಿ ಮುದ್ರಿಸಿ, ಅಕೋನಿ ಎಂಬ ತಮ್ಮದೇ ಲೇಬಲ್ಲಿನಿಂದ ಹೊರತಂದರು. ಇರುವವರು ಇಬ್ಬರೇ, ಆಕೆ ಮತ್ತು ಡೇವಿಡ್ ರಾಲಿಂಗ್ಸ್. ಅವನ ಕೈಯಲ್ಲಿರುವುದು 1935ರ ಎಪಿಫೋನ್ ಗಿಟಾರು, ಚಿಕ್ಕದು, ಡಬ್ಬಿ ಬಡಿದಂಥ ಒಣ ದನಿಯದು. ಅಂಗಡಿಯಲ್ಲಿ ಕೇಳಿದ್ದರೆ ಬೇಡವೆಂದು ಬರುತ್ತಿದ್ದೆ. ಆಕೆಯ ಗಿಟಾರಿನ ತುಂಬು ದನಿಯ ಪಕ್ಕದಲ್ಲಿ ಮಾತ್ರ ಅನ್ನದ ಜತೆ ಉಪ್ಪಿನಕಾಯಿಯಂತೆ ಕೂರುತ್ತದೆ.

ಇದರಲ್ಲಿ 'ಎವೆರಿಥಿಂಗ್ ಈಸ್ ಫ್ರೀ' ಎಂಬ ಹಾಡಿದೆ. ಇಂಟರ್ನೆಟ್ಟಿನಲ್ಲಿ ಹಾಡುಗಳೆಲ್ಲ ಪುಕ್ಕಟೆ ಸಿಗತೊಡಗಿದ ದಿನಗಳಲ್ಲಿ ಬರೆದದ್ದು. ದುಡ್ಡು ಬಾರದಿದ್ದರೂ ನಾವು ಹಾಡಿಯೇ ಹಾಡುತ್ತೇವೆ ಎಂದು ಅವರಿಗೆ ಗೊತ್ತಾಗಿಬಿಟ್ಟಿದೆ ಎಂಬ ಅರ್ಥ. ಸಿಟ್ಟಿಲ್ಲದೆ, ಪಾತ್ರೆ ತೊಳೆಯುತ್ತ ಹೇಳಿದ ಹಾಗೆ ಹೇಳಿದ್ದಾಳೆ. ಗದಗ ಬಸ್ ನಿಲ್ದಾಣದ ಸುತ್ತ ಇಪ್ಪತ್ತು ರೂಪಾಯಿಗೆ ಮೆಮೊರಿ ಕಾರ್ಡ್ ತುಂಬ ಜನಪದ ಹಾಡು ತುಂಬಿಕೊಡುತ್ತಿದ್ದ ಕಾಲದಲ್ಲಿ, ಆ ಹಾಡು ಹಾಡಿದವರೇ ನನ್ನ ಅಂಗಡಿಗೆ ಬಂದು ಮೈಕಿನ ಬಾಡಿಗೆಯನ್ನು ಮುಂದಿನ ಕಾರ್ಯಕ್ರಮಕ್ಕೆ ಹಿಡಿದುಕೊಳ್ಳಿ ಎನ್ನುತ್ತಿದ್ದರು. ನನ್ನ ಫೋನಿನಲ್ಲೂ ಆ ಕಾರ್ಡು ಇತ್ತು. ಸುಳ್ಳು ಹೇಳುವುದಿಲ್ಲ.

ಕೊನೆಯ ಹಾಡು ಹದಿನಾಲ್ಕೂವರೆ ನಿಮಿಷ. ಖಯಾಲ್ ಕೇಳಿದ ಕಿವಿ ಅಷ್ಟು ಹೊತ್ತಿಗೆ ಬೆಳವಣಿಗೆ ಬೇಡುತ್ತದೆ. ಇಲ್ಲಿ ಅದಿಲ್ಲ, ಬರೀ ನಡಿಗೆ ಇದೆ. ಒಮ್ಮೆ ನಡುವೆ ನಿದ್ದೆ ಹೋದೆ, ಎದ್ದಾಗ ಇನ್ನೂ ನಡೆಯುತ್ತಲೇ ಇದ್ದರು. ರಾತ್ರಿ ಭಜನೆಯಲ್ಲಿ ಎರಡು ಗಂಟೆಗೆ ಕಣ್ಣು ಬಿಟ್ಟಾಗ ತಾಳ ನಿಂತಿರದಿದ್ದರೆ ಆಗುವ ಸಮಾಧಾನ ಆಯಿತು.

ಯಾವುದನ್ನು ಮೊದಲು ಕೇಳಬೇಕು ಎಂದರೆ, ಕಥೆ ಬೇಕಾದವರು 'ನೆಬ್ರಾಸ್ಕಾ' ಹಾಕಿಕೊಳ್ಳಲಿ, ಹೆಡ್‌ಫೋನ್ ಹೊಸದಾಗಿ ಕೊಂಡವರು ಭಟ್ಟರದನ್ನು. ನನ್ನ ಮೊದಲ ಸ್ಥಾನ ಚರ್ಚಿನ ಆ ಒಂದು ಮೈಕಿಗೆ. ಫೋನಿನ ಸ್ಪೀಕರಿನಲ್ಲಿ ಮಾತ್ರ ಯಾವುದನ್ನೂ ಕೇಳಬೇಡಿ.

ಇಷ್ಟು ಕೇಳಿದ ಮೇಲೆ ಕೈ ಸುಮ್ಮನಿರಲಿಲ್ಲ. ಶ್ರಾವಣದ ಮೂರನೆಯ ಶನಿವಾರ ಗದಗ ತಾಲ್ಲೂಕಿನ ಒಂದು ಹಳ್ಳಿಯ ಹನುಮಪ್ಪನ ಗುಡಿಯಲ್ಲಿ ಭಜನೆಗೆ ಕರೆದಿದ್ದರು. ಹೋದ ವರ್ಷ ಅಲ್ಲೇ ಎಂಟು ಮೈಕ್ ಹಚ್ಚಿ ನಾನು ಮರ್ಯಾದೆ ಕಳೆದುಕೊಂಡಿದ್ದೆ. ಕಲ್ಲಿನ ಗುಡಿ, ಮೇಲೆ ಗಿಡ್ಡ ಚಾವಣಿ. ಒಂದು ಮೈಕ್ ಸುಮ್ಮನಾದರೆ ಇನ್ನೊಂದು ಕುಂಯ್ ಎನ್ನುತ್ತಿತ್ತು. ಈ ಸಲ ಒಂದೇ ಮೈಕ್ ತೆಗೆದುಕೊಂಡು ಹೋಗಿ, ಗರುಡಗಂಬದ ಎದುರಿನ ಕಟ್ಟೆಯ ನಡುವೆ ನಿಲ್ಲಿಸಿದೆ. ಹಾರ್ನುಗಳನ್ನು ಗುಡಿಯ ಹೊರಗೆ, ಊರಿನ ಕಡೆ ಮುಖ ಮಾಡಿ ಕಟ್ಟಿದೆ.

ಹಾರ್ಮೋನಿಯಂ ಮೈಕಿನಿಂದ ಮೂರು ಹೆಜ್ಜೆ. ಮುಂದೆ ಹೇಳುವ ಹಿರಿಯರು ಒಂದೂವರೆ ಹೆಜ್ಜೆ, ಹಿಂದೆ ದನಿ ಕೂಡಿಸುವವರು ಐದು ಹೆಜ್ಜೆಯಲ್ಲಿ ಅರ್ಧ ಚಂದ್ರ. ತಬಲಾ ಆರು. ದಮ್ಮಡಿಯವನನ್ನು ಕಂಬದ ಮರೆಗೆ ಕಳಿಸಿದೆ. ಹಿತ್ತಾಳೆಯ ತಾಳ ಹಿಡಿದಿದ್ದವನನ್ನು ಸರಿಸುತ್ತ ಸರಿಸುತ್ತ ಹೊಸ್ತಿಲು ದಾಟಿಸಿದಾಗ, "ಇನ್ನೇನು ಮನೆಗೇ ಕಳಿಸುತ್ತೀರಾ ಹೇಗೆ?" ಎಂದು ಮುನಿಸಿಕೊಂಡ. ಒಂದು ಗಂಟೆ ಹಿಡಿಯಿತು. ಹಿರಿಯರು ಶರೀಫರ ತತ್ವಪದ ಎತ್ತಿಕೊಂಡಾಗ ಏಕತಾರಿಯ ಗುಂಯ್ ಮೊದಲ ಬಾರಿ ನನ್ನ ಹಾರ್ನಿನಿಂದ ಹೊರಗೆ ಬಂತು. ಎಂಟು ಮೈಕ್ ಇದ್ದಾಗ ಅದು ಯಾರಿಗೂ ಕೇಳಿಸಿರಲಿಲ್ಲ. ಹೊಸ್ತಿಲಾಚೆಯ ತಾಳ ಬಯಲಿನಿಂದ ಬಂದು ಸರಿಯಾದ ಜಾಗದಲ್ಲಿ ಬೀಳುತ್ತಿತ್ತು. ಪಲ್ಲವಿ ಮುಗಿದಾಗ ಹಿರಿಯರು ತಾವಾಗಿಯೇ ಅರ್ಧ ಹೆಜ್ಜೆ ಹಿಂದೆ ಸರಿದು ಹಿಮ್ಮೇಳಕ್ಕೆ ಜಾಗ ಬಿಟ್ಟರು. ಯಾರೂ ಹೇಳಿಕೊಟ್ಟಿರಲಿಲ್ಲ.

ಬೆಳಿಗ್ಗೆ ಕಮಿಟಿಯವರು ಕಟ್ಟೆಯ ಮೇಲೆ ಕೂತು ಲೆಕ್ಕ ಮಾಡಿದರು. ಭಜನೆ ಬಹಳ ಚಂದ ಕೇಳಿಸಿತು, ಹೋದ ವರ್ಷಕ್ಕಿಂತ ಚಂದ ಎಂದು ನಾಲ್ಕು ಸಲ ಹೇಳಿದರು. ಆಮೇಲೆ, ಈ ಸಲ ಹಚ್ಚಿದ್ದು ಒಂದೇ ಮೈಕ್ ಅಲ್ಲವೇ ಎಂದು ಬಾಡಿಗೆಯಲ್ಲಿ ಅರ್ಧ ಹಿಡಿದು ಕೊಟ್ಟರು.